ಕರೆಂಟ್ ಹೋದಾಗ ಕೇಳಿಸಿದ ಪ್ರಾರ್ಥನೆ

“ಹಾಗೂ ಪರಲೋಕದ ತಂದೆಯೇ, ನಮ್ಮ ಸುಗುಣಕ್ಕನ ನಾಲಿಗೆಗೆ ಲಗಾಮು ಹಾಕು. ಕ್ರಿಸ್ಮಸ್ಸಿಗೆ ನನ್ನ ಕರ್ಚಿಕಾಯಿ ತಾಟ ತುಂಬ ತಿಂದು, ಕಡೀಕ ಗಟ್ಟಿ ಆಗ್ಯಾವ ಅಂದ್ಳಲ್ಲ, ಆ ಸೊಕ್ಕು ಮುರಿ ಕರ್ತನೇ.”

ಇದು ಪ್ರಾರ್ಥನೆ. ಮಾಡಿದವಳು ನಾನು. ಮಾಡಿದ ಜಾಗ ಬನಹಟ್ಟಿಯ ನಮ್ಮ ಪುಟ್ಟ ಪ್ರಾರ್ಥನಾ ಮಂದಿರ. ಸುಗುಣಕ್ಕ ಕುಳಿತಿದ್ದದ್ದು ನನ್ನ ಮುಂದಿನ ಸಾಲಿನಲ್ಲಿ, ಕೈ ಚಾಚಿದರೆ ಅವಳ ಜಡೆ ಸಿಗುವಷ್ಟು ಹತ್ತಿರ. (ನನ್ನ ಪ್ರಾರ್ಥನೆಗಳು ಶುರುವಾಗುವುದು ಗ್ರಂಥದ ಕನ್ನಡದಲ್ಲಿ. ಸಿಟ್ಟು ಬಂದ ಮೇಲೆ ಓಣಿಯ ಕನ್ನಡಕ್ಕೆ ಇಳಿಯುತ್ತವೆ.)

ಈ ಅಂಕಣದ ಹಳೆಯ ಓದುಗರಿಗೆ ಸುಗುಣಕ್ಕ ಗೊತ್ತು. ಹೊಸಬರಿಗೆ ಹೇಳಿಬಿಡುತ್ತೇನೆ: ನನ್ನ ನೆಗೆಣ್ಣಿ, ಅಂದರೆ ನಮ್ಮ ಯಜಮಾನರ ಅಣ್ಣನ ಹೆಂಡತಿ. ನಮ್ಮಿಬ್ಬರ ಮನೆಗೆ ಅಂಗಳ ಒಂದೇ. ಬೆಳಿಗ್ಗೆ ಜಮಖಂಡಿಗೆ ಹೋಗುವ ಬಸ್ಸೂ ಒಂದೇ. ನಾನು ಅಲ್ಲಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ, ಅವಳು ಒಂದು ಆಫೀಸಿನಲ್ಲಿ ಕ್ಲರ್ಕ್.

ಅಷ್ಟು ಹತ್ತಿರ ಕುಳಿತವಳ ಮೇಲೆ ಅಷ್ಟು ಜೋರಾಗಿ ದೂರು ಕೊಡುವ ಧೈರ್ಯ ಎಲ್ಲಿಂದ ಬಂತು ಎಂದು ಕೇಳುತ್ತೀರಾ? ನೀವು ಬನಹಟ್ಟಿಯವರಾದರೆ ಕೇಳುವುದಿಲ್ಲ. ಉಳಿದವರಿಗೆ ಸ್ವಲ್ಪ ವಿವರಿಸಬೇಕು.

ನಮ್ಮ ಪ್ರಾರ್ಥನಾ ಮಂದಿರಕ್ಕೂ ಈರಣ್ಣನವರ ಪವರ್‌ಲೂಮ್ ಶೆಡ್ಡಿಗೂ ನಡುವೆ ಇರುವುದು ಒಂದೇ ಗೋಡೆ. ಒಳ್ಳೆಯ ಮನುಷ್ಯ. ಕ್ರಿಸ್ಮಸ್ ದಿನ ನಾವು ಹಾಡು ಶುರು ಮಾಡಿದರೆ ತಾವೇ ಮಗ್ಗ ನಿಲ್ಲಿಸಿ, ಬಾಗಿಲಲ್ಲಿ ನಿಂತು ಕೇಳುತ್ತಾರೆ. ಆದರೆ ವರ್ಷವಿಡೀ ಭಾನುವಾರಗಳಲ್ಲಿ ಮಗ್ಗ ನಿಲ್ಲಿಸಿ ಎಂದರೆ ಅವರ ಹೊಟ್ಟೆಪಾಡು ನಡೆಯಬೇಕಲ್ಲ? ಹೀಗಾಗಿ ಪಾಸ್ಟರ್ ಪ್ರಸಂಗ ಮಾಡುವುದು ಮೈಕ್ ಹಿಡಿದು. ನಾವು ಹಾಡುವುದು ಗಂಟಲು ಹರಿದುಕೊಂಡು. ಪಕ್ಕದವರ ಹತ್ತಿರ ಟೈಮ್ ಎಷ್ಟು ಎಂದು ಕೇಳಬೇಕಾದರೂ ಕೈಸನ್ನೆ.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಕರ್ತನ ಭೋಜನ. ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಿ ರಸ, ಅಷ್ಟೇ. ಅದನ್ನು ತೆಗೆದುಕೊಳ್ಳುವ ಮೊದಲು ಪ್ರತಿಯೊಬ್ಬರೂ ತಮ್ಮನ್ನು ತಾವು ಪರೀಕ್ಷಿಸಿಕೊಳ್ಳಬೇಕು, ತಪ್ಪುಗಳನ್ನು ದೇವರ ಮುಂದೆ ಒಪ್ಪಿಕೊಳ್ಳಬೇಕು. ಬೇರೆ ಊರಿನ ಸಭೆಗಳಲ್ಲಿ ಇದನ್ನು ಮೌನವಾಗಿ ಮಾಡುತ್ತಾರೆ. ಮೌನ ಎಂಬ ಸಾಮಾನು ನಮ್ಮ ಓಣಿಯಲ್ಲಿ ಸಿಗುವುದಿಲ್ಲವಾದ್ದರಿಂದ, ನಾವು ಬಾಯಿಬಿಟ್ಟೇ ಹೇಳುತ್ತೇವೆ. ಎಲ್ಲರೂ ಒಟ್ಟಿಗೆ, ಒಬ್ಬೊಬ್ಬರು ತಮ್ಮದು. ಮಗ್ಗದ ಸದ್ದಿನಲ್ಲಿ ಯಾರದ್ದೂ ಯಾರಿಗೂ ಕೇಳುವುದಿಲ್ಲ. ನನ್ನ ಮಾತು ನನಗೇ ಕೇಳುವುದಿಲ್ಲ. ಇಂಥ ಭದ್ರವಾದ ಏರ್ಪಾಡು ಬೇರೆ ಎಲ್ಲಿದೆ ಹೇಳಿ?

ಕಳೆದ ತಿಂಗಳವರೆಗೆ ಭದ್ರವಾಗಿಯೇ ಇತ್ತು.

ಅವತ್ತು ‘ಹಾಗೂ ಪರಲೋಕದ ತಂದೆಯೇ’ ಎನ್ನುವಲ್ಲಿಗೆ ನಾನು ಬಂದಿದ್ದೆ. ಕರೆಂಟ್ ಹೋಯಿತು.

ಬನಹಟ್ಟಿಯಲ್ಲಿ ಕರೆಂಟ್ ಹೋದದ್ದು ಮೊದಲು ಗೊತ್ತಾಗುವುದು ಕಿವಿಗೆ. ಈರಣ್ಣನವರ ಶೆಡ್ಡು ನಿಂತಿತು, ಆಚೆ ಓಣಿಯ ಶೆಡ್ಡು ನಿಂತಿತು, ಫ್ಯಾನು ನಿಂತಿತು. ಸಭೆಯವರು ಥಟ್ಟನೆ ಬಾಯಿ ಮುಚ್ಚಿದರು. ಎಲ್ಲರಿಗೂ ರೂಢಿ ಇದೆ, ಸದ್ದು ನಿಂತ ಕೂಡಲೇ ತುಟಿಗಳು ಕೂಡುತ್ತವೆ. ನಾನೊಬ್ಬಳು ಕಣ್ಣು ಮುಚ್ಚಿ ಭಕ್ತಿಯ ಜೋರಿನಲ್ಲಿದ್ದೆ. ಶಿಕ್ಷಕಿಯ ಗಂಟಲು ಬೇರೆ, ಹಿಂದಿನ ಬೆಂಚಿಗೂ ಮುಟ್ಟುವಂಥದ್ದು.

“ಆ ಸೊಕ್ಕು ಮುರಿ ಕರ್ತನೇ” ಎನ್ನುವ ಮಾತು ಗೋಡೆಗೆ ಬಡಿದು ತಿರುಗಿ ಬಂದು ನನಗೇ ಕೇಳಿಸಿತು. ಕಣ್ಣು ಬಿಟ್ಟೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಪಾಸ್ಟರ್ ನೆಲ ನೋಡಿದರು, ಮೇಲೆ ನೋಡಿದರು, ಗಂಟಲು ಸರಿಮಾಡಿಕೊಂಡರು. ಬೇರೆ ಏನೂ ತೋಚದೆ “ಆಮೆನ್” ಎಂದರು. ರೂಢಿಯಂತೆ ಸಭೆಯೂ “ಆಮೆನ್” ಎಂದಿತು. ಅಂದರೆ ಸುಗುಣಕ್ಕನ ಸೊಕ್ಕು ಮುರಿಯಬೇಕೆಂದು ಇಡೀ ಸಭೆ ಒಪ್ಪಿಗೆ ಕೊಟ್ಟಂತಾಯಿತು.

ಸುಗುಣಕ್ಕನೂ “ಆಮೆನ್” ಎಂದಳು. ತಿರುಗಿ ನೋಡಲಿಲ್ಲ. ಸೆರಗು ಸರಿ ಮಾಡಿಕೊಂಡಳು, ಅಷ್ಟೇ.

ರೊಟ್ಟಿಯ ತಟ್ಟೆ ಬಂತು. ಮನಸ್ಸಿನಲ್ಲಿ ಒಬ್ಬರ ಮೇಲೆ ಸಿಟ್ಟು ಇಟ್ಟುಕೊಂಡು ಅದನ್ನು ಮುಟ್ಟಬಾರದು, ಮೊದಲು ಹೋಗಿ ರಾಜಿಯಾಗಬೇಕು ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಇಷ್ಟು ದಿನ ನನ್ನ ಸಿಟ್ಟು ನನಗೆ ಸಿಟ್ಟಿನಂತೆ ಕಂಡಿರಲಿಲ್ಲ, ‘ನೋವು’ ಎಂದು ಹೆಸರಿಟ್ಟು ಸಾಕಿಕೊಂಡಿದ್ದೆ. ಈಗ ಊರಿಗೆಲ್ಲ ಕೇಳಿದ ಮೇಲೆ ಆ ಹೆಸರು ನಡೆಯುವಂತಿರಲಿಲ್ಲ. ತಟ್ಟೆಯನ್ನು ಪಕ್ಕದವರಿಗೆ ದಾಟಿಸಿದೆ. ದ್ರಾಕ್ಷಿ ರಸವನ್ನೂ ದಾಟಿಸಿದೆ. (ಆ ರಸ ಮಾಡಿಕೊಂಡು ಬರುವವಳು ಯಾರು ಗೊತ್ತೇ? ಸುಗುಣಕ್ಕ.)

ಮದುವೆಯಾಗಿ ಈ ಊರಿಗೆ ಬಂದ ಮೇಲೆ ಕರ್ತನ ಭೋಜನ ಬಿಟ್ಟದ್ದು ಅದೇ ಮೊದಲು.

ಇನ್ನೊಂದು ಮಾತು ಹೇಳದಿದ್ದರೆ ಕಥೆ ಪೂರ್ತಿಯಾಗುವುದಿಲ್ಲ. ಹಿಂದಿನ ಶುಕ್ರವಾರವಷ್ಟೇ ನಮ್ಮ ಸ್ತ್ರೀಯರ ಕೂಟದಲ್ಲಿ ನಾನೊಂದು ಭಾಷಣ ಮಾಡಿದ್ದೆ. ವಿಷಯ: ಆತ್ಮಪರೀಕ್ಷೆ ಮತ್ತು ಎಚ್ಚರದ ಬದುಕು. ಬಹಳ ಚೆನ್ನಾಗಿತ್ತು ಎಂದು ನನಗನ್ನಿಸಿತ್ತು. ದಿನವೂ ನಮ್ಮ ಮಾತನ್ನು ನಾವೇ ಕೇಳಿಸಿಕೊಳ್ಳಬೇಕು ಎಂದಿದ್ದೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಸುಗುಣಕ್ಕ.

ಹೊರಗೆ ಬಂದರೆ ಈರಣ್ಣನವರ ಶೆಡ್ಡಿನ ಬಾಗಿಲಲ್ಲಿ ಜನ. ಕರೆಂಟ್ ಇಲ್ಲದೆ ಮಗ್ಗದವರೆಲ್ಲ ಗಾಳಿಗೆ ನಿಂತಿದ್ದರು. ಗೋಡೆ ಒಂದೇ ಎಂದು ಆಗಲೇ ಹೇಳಿದೆನಲ್ಲ. ಈರಣ್ಣನವರ ಹೆಂಡತಿ ಕಸ್ತೂರೆವ್ವ ನನ್ನನ್ನು ನೋಡಿ ಪ್ರೀತಿಯಿಂದ ಹತ್ತಿರ ಬಂದರು.

“ಅಕ್ಕೋರ, ಕರ್ಚಿಕಾಯಿ ಹಿಟ್ಟ ನಾದೂಮುಂದ ಒಂದೀಟ ಬಿಸಿ ಎಣ್ಣಿ ಹಾಕ್ರಿ. ಗಟ್ಟಿ ಆಗೂದಿಲ್ಲ” ಎಂದರು.

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಆ ಮರ್ಯಾದೆ ಅವತ್ತು ನನಗೆ ಬಹಳ ಭಾರವಾಯಿತು.

ಮನೆಗೆ ಬಂದವಳೇ ಯಜಮಾನರ ಮೇಲೆ ಹಾರಿದೆ. “ನೀವರೇ ಹೇಳ್ರಿ. ನಾ ಮಾಡಿದ್ದು ಪ್ರಾರ್ಥನಾ. ಪ್ರಾರ್ಥನಾ ಮಾಡೂದು ತಪ್ಪಾ?”

ಅವರು ಪೇಪರ್ ಮಡಚಿಟ್ಟರು. “ತಪ್ಪಲ್ಲ. ಆದ್ರ ನಿನ್ನ ಪಾಪ ಹೇಳು ಅಂದಲ್ಲಿ ಆಕಿ ಪಾಪ ಹೇಳಿದಿ ನೋಡು, ಅದು ಸ್ವಲ್ಪ ಆಚೀಚಿ ಆತು.”

“ಹಂಗಂದ್ರ ಕರ್ಚಿಕಾಯಿ ಗಟ್ಟಿ ಇದ್ದೂ ಅಂತೀರೇನ?”

“ಖರೆ ಹೇಳ್ಲೇನ?” ಎಂದರು. ಮಡಚಿಟ್ಟ ಪೇಪರನ್ನು ಮತ್ತೆ ಬಿಚ್ಚಿದರು. ಮುಂದೆ ಹೇಳುವ ಅಗತ್ಯವಿರಲಿಲ್ಲ.

ನೋಡಿ, ಗಟ್ಟಿಯಾಗಿದ್ದವು. ಇಡೀ ಮನೆಗೆ ಗೊತ್ತಿತ್ತು. ಒಬ್ಬಳು ಬಾಯಿಬಿಟ್ಟು ಹೇಳಿದಳು. ಅವಳ ಮೇಲೆ ನಾನು ತಿಂಗಳುಗಟ್ಟಲೆ ಮೇಲಿನ ಕೋರ್ಟಿಗೆ ಅಪೀಲು ಹಾಕುತ್ತಲೇ ಇದ್ದೆ.

ಶಾಲೆಯಲ್ಲಿ ಪರೀಕ್ಷೆ ಬಂದರೆ ನನ್ನ ಕೆಲಸ ಏನು? ಪಕ್ಕದವರ ಪೇಪರಿಗೆ ಇಣುಕುವ ಮಕ್ಕಳನ್ನು ಹಿಡಿಯುವುದು. ಅದರಲ್ಲಿ ನನಗೆ ಹೆಸರಿದೆ. ಆದರೆ ಆ ಮಕ್ಕಳು ಪಾಪ, ತಮ್ಮ ಪೇಪರ್ ತುಂಬಿಸಿಕೊಳ್ಳಲು ಇಣುಕುತ್ತಾರೆ. ನಾನೋ, ನನ್ನ ಪೇಪರನ್ನು ಖಾಲಿ ಬಿಟ್ಟು ಪಕ್ಕದವಳ ಪೇಪರನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತ ಕುಳಿತಿದ್ದೆ. ಅದನ್ನೇ ಆತ್ಮಪರೀಕ್ಷೆ ಎಂದು ನಂಬಿದ್ದೆ. ನಾನೊಬ್ಬಳೇ ಅಲ್ಲ ಬಿಡಿ. ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಟಿವಿ ಚರ್ಚೆಯಲ್ಲಿ ನಾವೆಲ್ಲ ಮಾಡುತ್ತಿರುವುದು ಇನ್ನೇನು? ಬೇರೆಯವರ ಆತ್ಮದ ಪರೀಕ್ಷೆ. ಅದರಲ್ಲಿ ನಾವೆಲ್ಲರೂ ಡಿಸ್ಟಿಂಕ್ಷನ್.

ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೊರಟೆ. ನಮ್ಮಲ್ಲೊಂದು ಪದ್ಧತಿಯಿದೆ. ಸುಗುಣಕ್ಕ ಸ್ವಲ್ಪ ಮುಂಚೆ ಹೋಗುತ್ತಾಳೆ, ಬಸ್ಸು ಬಂದ ಕೂಡಲೇ ಕಿಟಕಿಯಿಂದ ಕರ್ಚೀಫ್ ಎಸೆದು ನನಗೊಂದು ಸೀಟು ಹಿಡಿಯುತ್ತಾಳೆ. ಇಷ್ಟು ವರ್ಷವಾಯಿತು, ಒಂದು ದಿನವೂ ತಪ್ಪಿಲ್ಲ. ಇವತ್ತು ಆ ಸೀಟಿನ ಮೇಲೆ ಕರ್ಚೀಫ್ ಇರುತ್ತದೆಯೋ ಇಲ್ಲವೋ? ನಿಂತು ಪ್ರಯಾಣ ಮಾಡುವುದು ದೊಡ್ಡ ಮಾತಲ್ಲ. ಎಲ್ಲರ ಎದುರು ಆ ಸೀಟಿನಲ್ಲಿ ಬೇರೆ ಯಾರೋ ಕುಳಿತಿರುವುದನ್ನು ನೋಡುವುದು ದೊಡ್ಡ ಮಾತು.

ಹತ್ತಿದೆ. ಕರ್ಚೀಫ್ ಇತ್ತು. ಅದೇ ನೀಲಿ ಅಂಚಿನದು.

ಕುಳಿತೆ. ಸುಗುಣಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದಳು. ಜಮಖಂಡಿ ಬರುವವರೆಗೂ ನೋಡುತ್ತಲೇ ಇದ್ದಳು. ಆ ದಾರಿಯಲ್ಲಿ ಕಬ್ಬಿನ ಗದ್ದೆ ಬಿಟ್ಟರೆ ನೋಡುವುದೇನೂ ಇಲ್ಲ. ಒಂದೇ ಒಂದು ಮಾತಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸೀಟು ಹಿಡಿದು ಸುಮ್ಮನೆ ಕುಳಿತವಳನ್ನು ಏನು ಮಾಡುವುದು?

ಮರುದಿನವೂ ಹಾಗೇ. ಅದರ ಮರುದಿನವೂ. ಕರ್ಚೀಫ್ ಇರುತ್ತಿತ್ತು, ಮಾತು ಇರುತ್ತಿರಲಿಲ್ಲ. ಅವಳಿಗೆ ನನ್ನ ಮೇಲೆ ಆಕಾಶದಷ್ಟು ಸಿಟ್ಟು ಬಂದಿದೆ ಎಂದು ನನಗೆ ಖಾತ್ರಿಯಾಯಿತು.

ಕ್ಷಮೆ ಕೇಳಬೇಕು. ಆದರೆ ಹೇಗೆ? ಅಡುಗೆಮನೆಯಲ್ಲಿ ನಿಂತು ಒಂದೆರಡು ನಮೂನೆ ತಯಾರಿ ಮಾಡಿದೆ. ಮೊದಲನೆಯದು: “ನಿನಗ ಬ್ಯಾಸರ ಆಗಿದ್ರ ಕ್ಷಮಿಸು ಅಕ್ಕಾ.” ಜೋರಾಗಿ ಹೇಳಿಕೊಂಡಾಗ ಅದರ ಹುಳುಕು ಕಿವಿಗೆ ಬಿತ್ತು. ಬೇಸರ ಮಾಡಿಕೊಂಡದ್ದು ಅವಳ ತಪ್ಪು ಎಂದಂತಾಯಿತಲ್ಲ? ಇತ್ತೀಚೆಗೆ ದೊಡ್ಡವರೆಲ್ಲ ಕೇಳುವ ಕ್ಷಮೆ ಇದೇ ಮಾಡೆಲ್ಲಿನದು. ಎರಡನೆಯದು: “ನಾ ಹಂಗ ಅನ್ನಬಾರದಿತ್ತು, ಆದ್ರ ನೀನೂ...” ಅಲ್ಲಿಗೇ ನಿಲ್ಲಿಸಿದೆ. ‘ಆದ್ರ’ ಬಂತೆಂದರೆ ಕ್ಷಮೆ ಮುಗಿಯಿತು, ಜಗಳ ಶುರುವಾಯಿತು.

ಆ ಗುರುವಾರ, ಬಸ್ಸು ಬನಹಟ್ಟಿ ದಾಟುತ್ತಿದ್ದಂತೆ, ತಯಾರಿಯನ್ನೆಲ್ಲ ಬಿಟ್ಟು ಹೇಳಿಯೇಬಿಟ್ಟೆ.

“ಅಕ್ಕಾ, ತಪ್ಪು ನಂದು.”

ಅವಳು ಕಿಟಕಿಯಿಂದ ಕಣ್ಣು ತೆಗೆದಳು.

“ವಿಮಲೀ, ಅವತ್ತ ನಾನೂ ನಿನ್ನ ಸಲುವಾಗೇ ಪ್ರಾರ್ಥನಾ ಮಾಡಾಕತ್ತಿದ್ದೆ. ನಂದು ಕರೆಂಟ್ ಹೋಗೂದರಾಗ ಮುಗದಿತ್ತು, ಅಷ್ಟ.”

ಅರೆ. ಇಷ್ಟು ದಿನ ಅಪರಾಧಿ ನಾನೊಬ್ಬಳೇ ಎಂದುಕೊಂಡಿದ್ದೆ. ಎದೆಯ ಮೇಲಿನ ಕಲ್ಲು ಇಳಿಯಿತು, ಅದರ ಜಾಗದಲ್ಲಿ ಕುತೂಹಲ ಬಂದು ಕುಳಿತಿತು. (ನನ್ನ ಪಶ್ಚಾತ್ತಾಪದ ಆಯುಷ್ಯ ಇಷ್ಟೇ.)

“ನನ್ನ ಬಗ್ಗೆ ಏನಂದಿ?”

“ಅದು ನನಗೂ ಕರ್ತಗೂ ಇರೂ ಮಾತು. ಓಣಿಗೆ ಗೊತ್ತಾದದ್ದು ನಿಂದಷ್ಟ.”

“ನಾ ಸ್ತ್ರೀಯರ ಕೂಟದಾಗ ಭಾಳ ಹೊತ್ತು ಮಾತಾಡ್ತೇನಿ, ಅದಾ?”

“ಅದು ಎಲ್ಲಾರಿಗೂ ಗೊತ್ತೈತಿ. ಅದಕ್ಕ ಬ್ಯಾರೆ ಪ್ರಾರ್ಥನಾ ಯಾಕ?”

ಅದಲ್ಲ ಎಂದಾಯಿತು. ಹಾಗಾದರೆ ಏನು? ಅವಳಿಗೆ ಗೊತ್ತಾಗಿರಬಹುದಾದ ನನ್ನ ತಪ್ಪು ಯಾವುದು? ತಲೆ ಓಡಿಸಿದೆ. ಸಿಕ್ಕಿತು.

“ನಿನ್ನ ಉಪ್ಪಿನಕಾಯಿ ಭರಣಿ ಒಡದದ್ದಾ? ಬೆಕ್ಕು ಕೆಡವಿತು ಅಂದಿದ್ದೆ, ಅದಾ?”

ಸುಗುಣಕ್ಕ ಪೂರ್ತಿ ನನ್ನ ಕಡೆ ತಿರುಗಿದಳು. “ಅದು ಬೆಕ್ಕು ಅಲ್ಲಾ?”

ಅಯ್ಯೋ ದೇವರೇ.

“ಪಾಪ, ಆ ಬೆಕ್ಕಿಗೆ ಅವತ್ತಿಂದ ಹಾಲ ಹಾಕಿಲ್ಲ ನಾ” ಎಂದಳು.

ಅಲ್ಲಿಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಅದಲ್ಲದಿದ್ದರೆ ಮತ್ತೇನು ಎಂಬ ತಲೆಬಿಸಿಯಲ್ಲಿ ಇನ್ನೊಂದು ಎಸೆದೆ. “ಹಂಗಾರ ಮುಧೋಳದ ಮದುವಿಗೆ ಬರಲಿಲ್ಲ ಅಂತನಾ? ತಲಿನೋವು ಅಂತ ಮನಿಯಾಗ ಉಳಿದಿದ್ದೆನಲ್ಲ.”

“ತಲಿನೋವು ಇರಲಿಲ್ಲಾ?”

“ಇತ್ತು. ಸ್ವಲ್ಪ. ಸೀರಿಯಲ್ ಕಡೀ ದಿನ ಇತ್ತು.”

“ನಿನಗಂತ ಅಲ್ಲಿಂದ ಊಟದ ಡಬ್ಬಿ ಕಟಗೊಂಡು ಬಂದಿದ್ದೆ ನಾನು” ಎಂದಳು. ಅವಳ ತುಟಿಯ ಅಂಚಿನಲ್ಲಿ ನಗು ಇತ್ತು. “ಇನ್ನ ಏನೇನ ಐತಿ, ಎಲ್ಲಾ ಹೇಳಿ ಮುಗಿಸು. ಜಮಖಂಡಿ ಬರಾಕ ಇನ್ನೂ ಹೊತ್ತೈತಿ.”

ನಂಬಿ, ಇನ್ನೂ ಹೇಳಿದೆ. ಅವಳು ಫೋನ್ ಮಾಡಿದಾಗ ಕೆಲವು ಸಲ ಬೇಕೆಂದೇ ಎತ್ತದೆ, ಆಮೇಲೆ ಸೈಲೆಂಟ್ ಇತ್ತು ಎಂದದ್ದು. ಅವಳ ಸೀರೆಯನ್ನು ಎದುರಿಗೆ ಹೊಗಳಿ, ಹಿಂದೆ ಅದರ ಬಣ್ಣಕ್ಕೆ ಒಂದು ಹೆಸರಿಟ್ಟದ್ದು. ಬೆಳಿಗ್ಗೆ ಎದ್ದ ಕೂಡಲೇ ಸ್ಟೇಟಸ್ಸಿಗೆ ಬೈಬಲ್ಲಿನ ಒಂದು ವಾಕ್ಯ ಹಾಕಿ, ಹಾಲು ಕಾಯುವುದರೊಳಗೆ ಮನೆಯವರಿಗೆಲ್ಲ ಬೈದು ಮುಗಿಸುವುದು. ಒಂದೊಂದಕ್ಕೂ ಅವಳು “ಅದಲ್ಲ” ಎನ್ನುತ್ತಿದ್ದಳು. “ಅದಲ್ಲ, ಆದ್ರ ಛಲೋ ಆತು ಹೇಳಿದ್ದು” ಎನ್ನುತ್ತಿದ್ದಳು.

ಮುಂದಿನ ಸೀಟಿನವರು ಕಿವಿ ಕೊಟ್ಟು ಕುಳಿತಿದ್ದರು. ಇರಲಿ. ನನ್ನ ಮರ್ಯಾದೆಗೆ ಈಗ ಹೋಗಲು ಹೆಚ್ಚೇನೂ ಉಳಿದಿರಲಿಲ್ಲ.

ಬಸ್ಸಿಳಿಯುವಾಗ ನನಗೇ ಒಂದು ವಿಷಯ ಹೊಳೆಯಿತು. ಇಷ್ಟು ವರ್ಷ ಪ್ರತಿ ತಿಂಗಳೂ ಕಣ್ಣು ಮುಚ್ಚಿ, ಕೈ ಮುಗಿದು, ‘ಆತ್ಮಪರೀಕ್ಷೆ’ ಮಾಡಿದ್ದೇನೆ. ಒಂದು ಸಲವೂ ಇಷ್ಟು ತಪ್ಪು ಸಿಕ್ಕಿರಲಿಲ್ಲ. ಅವಳು ನನ್ನ ಬಗ್ಗೆ ಏನು ಹೇಳಿರಬಹುದು ಎಂದು ಅವಳ ಜಾಗದಲ್ಲಿ ನಿಂತು ನೋಡಿದೆ ನೋಡಿ, ಒಂದರ ಹಿಂದೆ ಒಂದು ಬಂದವು. ಭಾಷಣದಲ್ಲಿ ಈ ಮಾತನ್ನು ಹೇಳಿರಲಿಲ್ಲ. ಗೊತ್ತಿದ್ದರೆ ತಾನೇ?

“ಇನ್ನರೆ ಹೇಳ ಅಕ್ಕಾ, ಏನಂದಿ?” ಎಂದು ಬಸ್ ಸ್ಟ್ಯಾಂಡಿನಲ್ಲಿ ಅವಳ ಕೈ ಹಿಡಿದೆ.

ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡಳು. “ಕ್ರಿಸ್ಮಸ್ ಆದಾಗಿಂದ ವಿಮಲಿ ನನ್ನ ಮ್ಯಾಲೆ ಒಳಗೊಳಗ ಸಿಟ್ಟಾಗ್ಯಾಳ. ಕೇಳಿದ್ರ ಏನಿಲ್ಲ ಅಂತಾಳ. ಏನೈತೋ ಅದು ಒಮ್ಮೆ ನನ್ನ ಕಿವಿಗೆ ಬೀಳೂಹಂಗ ಮಾಡು ಕರ್ತನೇ, ಅಂದೆ. ಆಮೆನ್ ಅಂದೆ. ಕರೆಂಟ್ ಹೋತು.”

ನಾನು ಅವಳ ಕೈ ಬಿಟ್ಟೆ.

“ಇಷ್ಟು ಲಗೂನ ಉತ್ತರ ಬಂದದ್ದು ನನ್ನ ಜಲ್ಮದಾಗ ಇದ ಮೊದಲು” ಎಂದಳು. “ಅಂಜಿಕಿನ ಬಂತು. ಅದಕ್ಕ ಬಾಯಿಂದ ಮಾತ ಹೊಂಡಲಿಲ್ಲ. ನೀ ಸಿಟ್ಟು ಅಂತ ತಿಳಕೊಂಡಿ.”

ಖರೆ ಹೇಳುತ್ತೇನೆ, ಜನ ತುಂಬಿದ ಆ ಸ್ಟ್ಯಾಂಡಿನಲ್ಲಿ ನನಗೆ ಅಳು ಬಂತು. ಅದೇ ಹೊತ್ತಿಗೆ, ಅದೇ ದೇವರ ಮುಂದೆ, ಒಬ್ಬರ ಹಿಂದೆ ಒಬ್ಬರು ಕುಳಿತು, ನಾನು ಅವಳನ್ನು ಮುರಿ ಎಂದು ಕೇಳುತ್ತಿದ್ದೆ. ಅವಳು ನನ್ನ ಮನಸ್ಸು ತನಗೆ ಕೇಳಲಿ ಎಂದು ಬೇಡುತ್ತಿದ್ದಳು. ಕೇಳಿದ ಮೇಲೂ ಮರುದಿನ ಬೆಳಿಗ್ಗೆ ನನಗೆ ಸೀಟು ಹಿಡಿದಿದ್ದಳು.

“ಮನಸಿಗೆ ಅಷ್ಟ ನಟ್ಟಿದ್ರ ಅವತ್ತ ನನಗ ಹೇಳಬೇಕಿತ್ತಿಲ್ಲೋ ಹುಚ್ಚಿ” ಎಂದು ಆ ನೀಲಿ ಅಂಚಿನ ಕರ್ಚೀಫ್ ಕೊಟ್ಟಳು. ಕಣ್ಣೊರೆಸಿಕೊಂಡೆ. ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. “ಆದ್ರೂ ವಿಮಲೀ, ಗಟ್ಟಿ ಅಂತೂ ಆಗಿದ್ದೂ.”

ಈ ತಿಂಗಳ ಮೊದಲ ಭಾನುವಾರ ಮತ್ತೆ ಬಂತು. ಅದೇ ಮಂದಿರ, ಅದೇ ಸಾಲು, ಗೋಡೆಯಾಚೆ ಈರಣ್ಣನವರ ಮಗ್ಗಗಳು. ಒಂದೇ ವ್ಯತ್ಯಾಸ: ಅವತ್ತಿನಿಂದ ನಮ್ಮ ಸಭೆಯವರೆಲ್ಲ ಪ್ರಾರ್ಥನೆಯ ವಾಲ್ಯೂಮ್ ಸ್ವಲ್ಪ ಇಳಿಸಿದ್ದಾರೆ. ಎಲ್ಲರ ಬಾಯಲ್ಲೂ ಯಾರದೋ ಹೆಸರು ಇತ್ತು ಅಂತಾಯಿತಲ್ಲ?

ಕಣ್ಣು ಮುಚ್ಚಿದೆ. “ಕರ್ತನೇ, ನಾನು...” ಎಂದೆ. ‘ಸುಗುಣಕ್ಕ’ ಎಂದು ಶುರುವಾಗುವ ವಾಕ್ಯಗಳು ನನಗೆ ಸರಾಗ. ‘ನಾನು’ ಎಂದು ಶುರುವಾಗುವುದಕ್ಕೆ ನಾಲಿಗೆ ತಿರುಗುತ್ತಿಲ್ಲ, ರೂಢಿ ಇಲ್ಲ. ತಡವರಿಸಿ, ಬೆಕ್ಕಿನಿಂದ ಶುರು ಮಾಡಿದೆ.

ರೊಟ್ಟಿ ಬಂತು, ತೆಗೆದುಕೊಂಡೆ. ದ್ರಾಕ್ಷಿ ರಸ ಬಂತು. ಸ್ವಲ್ಪ ಹುಳಿಯಾಗಿತ್ತು. (ಅದನ್ನು ದೇವರಿಗೆ ಹೇಳಲಿಲ್ಲ. ಹೊರಗೆ ಬಂದ ಮೇಲೆ ಸುಗುಣಕ್ಕನಿಗೇ ಹೇಳಿದೆ. ಸಂಜೆಯವರೆಗೆ ಮುಖ ಉಬ್ಬಿಸಿಕೊಂಡಿದ್ದಳು. ರಾತ್ರಿಗೆ ಸರಿಹೋಯಿತು.)

ಕರೆಂಟ್ ಈ ಸಲ ಹೋಗಲಿಲ್ಲ. ಆದರೆ ಯಾವ ಗಳಿಗೆಯಲ್ಲಾದರೂ ಹೋಗಬಹುದು ಎಂದುಕೊಂಡು ಮಾತಾಡುವುದು ನನಗೀಗ ಅಭ್ಯಾಸವಾಗುತ್ತಿದೆ. ಅಡುಗೆಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ, ಫೋನಿನಲ್ಲಿ. ಟಿವಿ, ಮಿಕ್ಸರ್, ಮೊಬೈಲು, ಮಗ್ಗ: ನಮ್ಮ ಸುತ್ತ ಸದ್ದಿಗೇನು ಕಡಿಮೆ? ಆ ಸದ್ದಿನ ಮರೆಯಲ್ಲಿ ನಾವು ದಿನವಿಡೀ ಏನು ಆಡುತ್ತಿದ್ದೇವೆ ಎಂದು ನಮಗೇ ಕೇಳದ ಹಾಗೆ ಬದುಕು ನಡೆದುಹೋಗುತ್ತದೆ.

ಅದಕ್ಕೇ ಕೇಳುತ್ತಿದ್ದೇನೆ: ಇದನ್ನು ಓದುತ್ತಿರುವ ಈ ಗಳಿಗೆಯಲ್ಲಿ ನಿಮ್ಮ ಓಣಿಯ ಕರೆಂಟ್ ಹೋದರೆ, ನಿಮ್ಮ ಬಾಯಲ್ಲಿ ಸಿಕ್ಕಿಬೀಳುವ ಹೆಸರು ಯಾರದು?